ಆಷಾಢದಲ್ಲಿ ಆರಿಸಿ, ಮಾಘದಲ್ಲಿ ಬಳಿಯಿರಿ

ಮಾಘಮಾಸ ಕಾಲಿರಿಸಿತೆಂದರೆ ಬಾಬಾಬುಡನ್‌ಗಿರಿಯ ತಪ್ಪಲಿನಿಂದ ಮೂಡಿಗೆರೆ, ಕಳಸದವರೆಗಿನ ಕಾಫಿಸೀಮೆಯ ಮನೆಗಳಲ್ಲಿ ಬಣ್ಣದ ಮಾತು ಆರಂಭವಾಗುತ್ತದೆ. ಅರೇಬಿಕಾ ಕೊಯ್ಲು ಮುಗಿದಿರುತ್ತದೆ, ರೋಬಸ್ಟಾ ಕಣದಲ್ಲಿ ಒಣಗುತ್ತಿರುತ್ತದೆ; ವರ್ಷದ ದುಡಿಮೆಯ ಫಲ ಕೈಸೇರುವ ಕಾಲವದು. ಎದುರಿಗೆ ಶಿವರಾತ್ರಿ, ಅದರ ಬೆನ್ನಿಗೇ ಮದುವೆಯ ಲಗ್ನಗಳು. ಪೇಟೆಯ ಅಂಗಡಿಯಿಂದ ತಂದ ಶೇಡ್ ಕಾರ್ಡು ಜಗಲಿಯ ಮೇಲೆ ಬಿಚ್ಚಿಕೊಳ್ಳುತ್ತದೆ. ಪಡಸಾಲೆಗೆ ತಿಳಿನೀಲಿ ಇರಲಿ ಎಂದು ಮಗ ಹೇಳಿದರೆ, ಮಾವಿನಹಣ್ಣಿನ ಹಳದಿ ಚೆನ್ನ ಎಂದು ಸೊಸೆ ಹೇಳುತ್ತಾಳೆ. ಸುಣ್ಣವೇ ಸಾಕಲ್ಲವೇ ಎಂದು ಅಜ್ಜಿ ಕೇಳುತ್ತಾರೆ. ಮೂವರ ಮಾತಿನಲ್ಲಿಯೂ ಸತ್ಯದ ಒಂದೊಂದು ಅಂಶವಿದೆ. ಆದರೆ ಆ ಮೂವರೂ ಶೇಡ್ ಕಾರ್ಡನ್ನು ನೋಡುತ್ತಿರುವುದು ವರ್ಷದಲ್ಲಿಯೇ ಅತ್ಯಂತ ನಿರ್ಮಲವಾದ ಬಿಸಿಲಿನಲ್ಲಿ ಎಂಬುದನ್ನು ಯಾರೂ ಗಮನಿಸುವುದಿಲ್ಲ.

ತೊಡಕು ಇರುವುದು ಇಲ್ಲಿಯೇ. ಮಾಘದ ಬಿಸಿಲಿನಲ್ಲಿ ನಾವು ಮನೆಯೊಳಗೆ ಇರುವುದೇ ಕಡಿಮೆ. ತೋಟ, ಕಣ, ಸಂತೆ, ಸಮಾರಂಭಗಳಲ್ಲಿ ದಿನ ಕಳೆದುಹೋಗುತ್ತದೆ. ಮನೆಯೊಳಗೆ ನಿಜವಾಗಿ ಬಾಳುವುದು ಜ್ಯೇಷ್ಠದಿಂದ ಭಾದ್ರಪದದವರೆಗಿನ ಮಳೆಗಾಲದಲ್ಲಿ. ಆಗ ಸೂರ್ಯನ ಮುಖ ಕಾಣದ ದಿನಗಳೇ ಹೆಚ್ಚು. ನಡುಹಗಲಿನಲ್ಲಿಯೂ ದೀಪ ಹಾಕಬೇಕಾಗುತ್ತದೆ. ವಿದ್ಯುತ್ತು ಹೋಗುವುದೂ ಆಗಲೇ. ಆದ್ದರಿಂದ ಗೋಡೆಯ ಬಣ್ಣವನ್ನು ಮಳೆಗಾಲದ ಬೆಳಕಿಗೆ ಹೊಂದಿಸಿ ಆರಿಸಬೇಕು, ಬೇಸಗೆಯ ಬೆಳಕಿಗೆ ಅಲ್ಲ ಎಂಬುದೇ ಈ ತಿಂಗಳು ನಾವು ವಾಚಕರ ಮುಂದಿಡಬಯಸುವ ವಿಚಾರ.

ಬೆಚ್ಚನೆಯ ಬಣ್ಣ, ತಂಪಿನ ಬಣ್ಣ

ಕೆಂಪು, ಕಿತ್ತಳೆ, ಹಳದಿ ಮತ್ತು ಇವುಗಳ ಛಾಯೆಗಳನ್ನು ಬೆಚ್ಚನೆಯ ಬಣ್ಣಗಳೆಂದೂ, ನೀಲಿ, ಹಸಿರು, ನೇರಳೆಗಳನ್ನು ತಂಪಿನ ಬಣ್ಣಗಳೆಂದೂ ಕರೆಯುವುದು ವಾಡಿಕೆ. ಬೆಂಕಿ, ಕೆಂಡ, ಬಿಸಿಲುಗಳ ನೆನಪು ಒಂದರಲ್ಲಿ. ನೀರು, ಆಕಾಶ, ನೆರಳುಗಳ ನೆನಪು ಇನ್ನೊಂದರಲ್ಲಿ. ಜರ್ಮನಿಯ ಮಹಾಕವಿ ಗಯಟೆ 1810ರಲ್ಲಿ ಪ್ರಕಟಿಸಿದ ವರ್ಣಸಿದ್ಧಾಂತದ ಗ್ರಂಥದಲ್ಲಿ ಹಳದಿಯ ಕಡೆಯ ಬಣ್ಣಗಳನ್ನು ಒಂದು ಪಕ್ಷವಾಗಿಯೂ ನೀಲಿಯ ಕಡೆಯ ಬಣ್ಣಗಳನ್ನು ಇನ್ನೊಂದು ಪಕ್ಷವಾಗಿಯೂ ವಿಂಗಡಿಸಿ, ಅವು ಮನಸ್ಸಿನ ಮೇಲೆ ಮಾಡುವ ಪರಿಣಾಮವನ್ನು ವಿವರಿಸಿದ್ದನು. ಬೆಚ್ಚನೆಯ ಬಣ್ಣ ಬಳಿದ ಗೋಡೆ ನಮ್ಮತ್ತ ಸರಿದಂತೆ ತೋರಿ ಕೋಣೆ ಕಿರಿದಾದಂತೆ ಕಾಣುತ್ತದೆ; ತಂಪಿನ ಬಣ್ಣದ ಗೋಡೆ ಹಿಂದೆ ಸರಿದಂತೆ ತೋರಿ ಕೋಣೆ ಹಿಗ್ಗಿದಂತೆ ಕಾಣುತ್ತದೆ.

ಇಲ್ಲಿ ಒಂದು ಭ್ರಮೆಯನ್ನು ನಿವಾರಿಸಿಕೊಳ್ಳುವುದು ಒಳಿತು. ಒಳಗೋಡೆಗೆ ಕಿತ್ತಳೆ ಬಳಿದ ಮಾತ್ರಕ್ಕೆ ಕೋಣೆಯ ಚಳಿ ಕಡಿಮೆಯಾಗದು. ನೀಲಿ ಬಳಿದ ಮಾತ್ರಕ್ಕೆ ಸೆಕೆ ಇಳಿಯದು. ಉಷ್ಣಮಾಪಕದ ಅಂಕಿ ಇದ್ದಲ್ಲಿಯೇ ಇರುತ್ತದೆ. ಬದಲಾಗುವುದು ಕಣ್ಣಿಗೂ ಮನಸ್ಸಿಗೂ ಆಗುವ ಅನುಭವ ಮಾತ್ರ. ಬಿಸಿಲು ನೇರವಾಗಿ ಬೀಳುವ ಹೊರಗೋಡೆ, ತಾರಸಿಗಳ ವಿಷಯ ಬೇರೆ. ಅಲ್ಲಿ ಬಿಳಿಯ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸಿ ಶಾಖವನ್ನು ನಿಜವಾಗಿಯೂ ತಗ್ಗಿಸುತ್ತದೆ. ಒಳಗೋಡೆಯ ಬಣ್ಣದಿಂದ ನಾವು ಅಪೇಕ್ಷಿಸಬಹುದಾದದ್ದು ಎರಡೇ: ಬೆಳಕು ಮತ್ತು ಭಾವ. ಮಲೆನಾಡಿನಲ್ಲಿ ಮೊದಲನೆಯದಕ್ಕೇ ಮೊದಲ ಸ್ಥಾನ ಸಲ್ಲಬೇಕು.

ನಮ್ಮ ಸೀಮೆಯ ಬೆಳಕಿನ ಬಗೆ

ಗೃಹಾಲಂಕಾರದ ಪುಸ್ತಕಗಳು ಸಾಮಾನ್ಯವಾಗಿ ಒಂದು ಸೂತ್ರವನ್ನು ಹೇಳುತ್ತವೆ: ಉತ್ತರದ ಕೋಣೆಗೆ ಬೆಚ್ಚನೆಯ ಬಣ್ಣ, ದಕ್ಷಿಣದ ಕೋಣೆಗೆ ತಂಪಿನ ಬಣ್ಣ. ಈ ಸೂತ್ರ ಹುಟ್ಟಿದ್ದು ಯೂರೋಪಿನಂಥ ನಾಡುಗಳಲ್ಲಿ. ಅಲ್ಲಿ ನಡುಹಗಲಿನ ಸೂರ್ಯ ವರ್ಷವಿಡೀ ದಕ್ಷಿಣದಲ್ಲಿಯೇ ಇರುತ್ತಾನೆ. ನಮ್ಮ ಚಿಕ್ಕಮಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯಭಾಗದವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಗಿಂತ ತುಸು ಉತ್ತರಕ್ಕೇ ಇರುತ್ತಾನೆ. ಆದರೆ ಅಷ್ಟು ಎತ್ತರದ ಸೂರ್ಯನ ಬಿಸಿಲು ಇಳಿಜಾರಿನ ಸೂರನ್ನು ದಾಟಿ ಕಿಟಕಿಯೊಳಕ್ಕೆ ಬರುವುದು ಕಷ್ಟ. ಮೇಲಾಗಿ ಆ ಅವಧಿಯ ಬಹುಭಾಗ ಮೋಡ ಕವಿದಿರುತ್ತದೆ. ಡಿಸೆಂಬರಿನಲ್ಲಿಯಾದರೋ ಸೂರ್ಯ ದಕ್ಷಿಣಕ್ಕೆ ವಾಲಿ, ತೆಂಕಣ ಕಿಟಕಿಯಿಂದ ಕೋಣೆಯ ಒಳಗೆ ಬಿಸಿಲು ಚಾಚುತ್ತಾನೆ. ಆದುದರಿಂದ ನಮ್ಮ ಸೀಮೆಯಲ್ಲಿ ದಿಕ್ಕಿಗಿಂತ ಮುಖ್ಯವಾದದ್ದು ಋತು. ಮಳೆಗಾಲದಲ್ಲಿ ನಾಲ್ಕೂ ದಿಕ್ಕಿನ ಕೋಣೆಗಳು ಒಂದೇ ಬಗೆಯ ಬೂದು ಬೆಳಕನ್ನು ಹಂಚಿಕೊಳ್ಳುತ್ತವೆ.

ಒಂದೇ ಜಿಲ್ಲೆಯಲ್ಲಿ ಎರಡು ಬೆಳಕುಗಳಿವೆ ಎಂಬುದನ್ನೂ ನೆನಪಿಡಬೇಕು. ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯನ್ನೂ ಬಾಬಾಬುಡನ್‌ಗಿರಿಯನ್ನೂ ಒಳಗೊಂಡ ಗಿರಿಶ್ರೇಣಿ ಪಶ್ಚಿಮದ ಮಳೆಮೋಡಗಳನ್ನು ತಡೆದು ನಿಲ್ಲಿಸುತ್ತದೆ. ಗಿರಿಯ ಪೂರ್ವಕ್ಕೆ ಕಡೂರಿನ ಬಯಲಿನಲ್ಲಿ ಮಳೆ ಕಡಿಮೆ, ಬಿಸಿಲು ಧಾರಾಳ. ಕಡೂರಿನ ನೆಂಟರ ಮನೆಯಲ್ಲಿ ಕಣ್ಣಿಗೆ ಹಿತವೆನಿಸಿದ ತಿಳಿನೀಲಿ ಕಳಸದ ಮನೆಯಲ್ಲಿ ಮಂಕಾಗಿ ಕಂಡರೆ ಬಣ್ಣದ ತಯಾರಕರನ್ನು ದೂರುವುದು ಸರಿಯಲ್ಲ. ಬಣ್ಣ ಅದೇ, ಅದರ ಮೇಲೆ ಬಿದ್ದ ಬೆಳಕು ಬೇರೆ.

ತೋಟದ ಮನೆಗಳಿಗೆ ಇನ್ನೂ ಒಂದು ವಿಶೇಷವಿದೆ. ಅಂಗಳದಾಚೆಗೇ ಕಾಫಿ ಗಿಡ, ಅದರ ಮೇಲೆ ಸಿಲ್ವರ್ ಓಕ್, ಹಲಸು, ಅತ್ತಿಗಳ ನೆರಳು. ಕಿಟಕಿಯಿಂದ ಒಳಗೆ ಬರುವ ಬೆಳಕು ಆ ಎಲೆಗಳನ್ನು ಸೋಕಿ ಬಂದದ್ದು. ಅದರಲ್ಲಿ ಹಸಿರು ಬೆರೆತಿರುತ್ತದೆ. ಇಂಥ ಕೋಣೆಗೆ ಮತ್ತೆ ಹಸಿರು ಬಳಿದರೆ ಕುಳಿತವರ ಮುಖಗಳು ಕಾಯಿಲೆಯಿಂದ ಎದ್ದವರ ಮುಖಗಳಂತೆ ಕಾಣುತ್ತವೆ. ಪ್ರಕೃತಿಯ ಹಸಿರು ಕಿಟಕಿಯಲ್ಲಿ ಬೇಕಾದಷ್ಟಿರುವಾಗ ಗೋಡೆಗೆ ಅದರ ಅಗತ್ಯವಿಲ್ಲ.

ಕಾಲಕೆಳಗಿನ ನೆಲವೂ ಸುಮ್ಮನಿರುವುದಿಲ್ಲ. ಹಳೆಯ ಮನೆಗಳಲ್ಲಿ ನುಣುಪಾದ ಕಾವಿ ನೆಲ, ಮೇಲೆ ಕಪ್ಪಿಟ್ಟ ಮರದ ಅಟ್ಟ, ಅದರ ಮೇಲೆ ಮಂಗಳೂರು ಹೆಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ತರುವಾಯ ಈ ಕೆಂಪು ಹೆಂಚು ಘಟ್ಟದ ಮೇಲಿನ ಮನೆಗಳಿಗೂ ಸೂರಾಯಿತು. ನೆಲ, ಅಟ್ಟ, ಬಾಗಿಲುಗಳಲ್ಲಿ ಬೆಚ್ಚನೆಯ ಬಣ್ಣ ಹೀಗೆ ಆಗಲೇ ತುಂಬಿರುವಾಗ ಗೋಡೆಗೂ ಗಾಢವಾದ ಕಿತ್ತಳೆಯನ್ನೋ ಇಟ್ಟಿಗೆಗೆಂಪನ್ನೋ ಬಳಿದರೆ ಕೋಣೆ ಗುಹೆಯಾಗುತ್ತದೆ. ಬೂದುಬಿಳುಪು ಬಳಿದರೆ ಇನ್ನೊಂದು ತೊಡಕು. ಪ್ಯಾರಿಸ್ಸಿನ ಗೊಬೆಲಿನ್ ಚಿತ್ರಗಂಬಳಿ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮುಖ್ಯಸ್ಥನಾಗಿದ್ದ ರಸಾಯನಶಾಸ್ತ್ರಜ್ಞ ಶೆವ್ರೆಲ್, ಒಂದು ಬಣ್ಣ ತನ್ನ ಪಕ್ಕದ ಬಣ್ಣದಿಂದ ಬೇರೆಯಾಗಿ ಕಾಣುತ್ತದೆ ಎಂಬುದನ್ನು 1839ರ ತನ್ನ ಗ್ರಂಥದಲ್ಲಿ ಸವಿಸ್ತಾರವಾಗಿ ತೋರಿಸಿಕೊಟ್ಟನು. ಅಲ್ಲಿಯ ಕಪ್ಪು ನೂಲು ಮಂಕಾಗಿ ಕಾಣುತ್ತದೆ ಎಂದು ದೂರು ಬಂದಾಗ, ದೋಷ ನೂಲಿನ ಬಣ್ಣದಲ್ಲಿಲ್ಲ, ಪಕ್ಕದಲ್ಲಿ ನೇಯ್ದ ಬಣ್ಣಗಳಲ್ಲಿದೆ ಎಂದು ಅವನು ಕಂಡುಕೊಂಡನು. ಕೆಂಪು ನೆಲದ ಪಕ್ಕದ ಬೂದುಗೋಡೆ ನಮ್ಮ ಕಣ್ಣಿಗೆ ಸ್ವಲ್ಪ ಹಸಿರಾಗಿ, ಪಾಚಿ ಹಿಡಿದಂತೆ ತೋರುವುದು ಈ ಕಾರಣದಿಂದಲೇ.

ಹಿರಿಯರ ಕಣ್ಣು

ಬಣ್ಣ ಬೆಚ್ಚಗಿನದೋ ತಂಪಿನದೋ ಎಂಬ ಪ್ರಶ್ನೆಗಿಂತ ಅದು ಎಷ್ಟು ತಿಳಿಯಾಗಿದೆ ಎಂಬ ಪ್ರಶ್ನೆ ದೊಡ್ಡದು. ಚೆನ್ನಾಗಿ ಬಿಳಿ ಬಳಿದ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 80 ಭಾಗವನ್ನು ಕೋಣೆಗೆ ಮರಳಿಸುತ್ತದೆ. ತಿಳಿಯಾದ ಕೆನೆಬಣ್ಣ ಅದಕ್ಕಿಂತ ತುಸು ಕಡಿಮೆ ಮರಳಿಸುತ್ತದೆ. ಗಾಢವಾದ ಕೆಂಪು, ಕಡುನೀಲಿಗಳು ಬಹುಪಾಲು ಬೆಳಕನ್ನು ನುಂಗಿಬಿಡುತ್ತವೆ. ಮುಸ್ಸಂಜೆಯ ಮಂದ ಬೆಳಕಿನಲ್ಲಿ ಕೆಂಪು ಎಲ್ಲಕ್ಕಿಂತ ಮೊದಲು ಕಪ್ಪಾಗುತ್ತದೆ ಎಂಬುದನ್ನು 19ನೆಯ ಶತಮಾನದ ಆದಿಭಾಗದಲ್ಲಿ ಜೆಕ್ ವಿಜ್ಞಾನಿ ಪುರ್ಕಿನ್ಯೆ ಗುರುತಿಸಿದ್ದನು. ಹಗಲಿನಲ್ಲಿ ಕಣ್ಸೆಳೆಯುವ ಕೆಂಪು ದಾಸವಾಳ ಸಂಜೆಯಾಗುತ್ತಲೇ ಎಲೆಗಳಿಗಿಂತ ಕಪ್ಪಾಗಿ ಕಾಣುವುದನ್ನು ಯಾರಾದರೂ ನೋಡಬಹುದು. ಮಳೆಗಾಲದ ಮನೆಯಲ್ಲಿ ಕಡುಗೆಂಪು ಗೋಡೆಯ ಗತಿಯೂ ಅದೇ.

ಮನೆಯ ಹಿರಿಯರ ವಿಷಯದಲ್ಲಿ ಇದು ಅಲಂಕಾರದ ಮಾತಾಗಿ ಉಳಿಯುವುದಿಲ್ಲ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ, ಪಾಪೆ ಕಿರಿದಾಗುತ್ತದೆ. ಇಪ್ಪತ್ತು ವರ್ಷದವರ ಕಣ್ಣಿನ ಒಳಪರದೆಗೆ ತಲುಪುವ ಬೆಳಕಿನಲ್ಲಿ ಸುಮಾರು ಮೂರರಲ್ಲೊಂದು ಪಾಲು ಮಾತ್ರ ಅರವತ್ತು ವರ್ಷದವರಿಗೆ ದೊರೆಯುತ್ತದೆ. ಹಳದಿಗಟ್ಟಿದ ಮಸೂರ ನೀಲಿಯ ಅಂಶವನ್ನೇ ಹೆಚ್ಚಾಗಿ ತಡೆಯುವುದರಿಂದ, ಮೊಮ್ಮಗನಿಗೆ ಪ್ರಸನ್ನವಾಗಿ ಕಾಣುವ ತಿಳಿನೀಲಿ ಅಜ್ಜಿಗೆ ಬೂದುಬಣ್ಣವಾಗಿ ಕಂಡೀತು. ತಿಳಿನೀಲಿಗೂ ತಿಳಿಹಸಿರಿಗೂ ಭೇದವೇ ತಿಳಿಯದೆ ಹೋದೀತು. ನಡುಮನೆಯ ಹೊಸ್ತಿಲು, ಬಚ್ಚಲಿನ ಮೆಟ್ಟಿಲು ಗೋಡೆ ನೆಲಗಳ ಬಣ್ಣದಲ್ಲಿಯೇ ಬೆರೆತುಹೋದರೆ ಬೀಳುವ ಭಯವೂ ಉಂಟು. ಹೊಸ್ತಿಲು, ಬಾಗಿಲವಾಡ, ಮೆಟ್ಟಿಲಿನ ಅಂಚುಗಳು ಗೋಡೆಗಿಂತ ಸ್ಪಷ್ಟವಾಗಿ ಬೇರೆಯಾಗಿ ಕಾಣುವಂತಿರಲಿ. ಸುಣ್ಣವೇ ಸಾಕೆಂದ ಅಜ್ಜಿಯ ಮಾತಿನಲ್ಲಿ ಅವರ ಕಣ್ಣಿನ ಅನುಭವ ಅಡಗಿದೆ; ಅದನ್ನು ಹಳೆಯ ಕಾಲದ ಹಟವೆಂದು ತಳ್ಳಿಹಾಕಬಾರದು.

ಅಮ್ಮಂದಿರ ಬಣ್ಣಜ್ಞಾನ

ಬೆಚ್ಚನೆ, ತಂಪು ಎಂಬ ವಿಚಾರ ನಮ್ಮ ಮನೆಗಳಿಗೆ ಹೊಸತಲ್ಲ. ಸುಣ್ಣ ಬಳಿಯುವಾಗ ಬಟ್ಟೆಗೆ ಹಾಕುವ ನೀಲಿಯನ್ನು ಚಿಟಿಕೆ ಬೆರೆಸಿ ಬಿಳುಪಿಗೆ ಹೊಳಪು ತರುತ್ತಿದ್ದುದು ತಂಪಿನ ಬಿಳುಪು. ಹಳದಿಮಣ್ಣನ್ನು ತುಸು ಕದಡಿ ಬಳಿಯುತ್ತಿದ್ದುದು ಬೆಚ್ಚನೆಯ ಬಿಳುಪು. ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆದರೆ ಮಳೆಗಾಲದ ಕೆಸರಿನ ಕಲೆ ಕಾಣದು, ಮೇಲಿನ ಬಿಳುಪಿಗೂ ಮೆರುಗು. ಹೀಗೆ ಬಳಸುತ್ತಿದ್ದುದು ಮಣ್ಣಿನ ಬಣ್ಣಗಳನ್ನೇ, ಅರಿಶಿನವನ್ನಲ್ಲ. ಸುಣ್ಣಕ್ಕೆ ಅರಿಶಿನ ಬೆರೆತರೆ ಕೆಂಪಾಗುತ್ತದೆ ಎಂಬುದು ಆರತಿಗೆ ಓಕುಳಿ ಕಲಸುವ ಹೆಣ್ಣುಮಕ್ಕಳಿಗೆಲ್ಲ ಗೊತ್ತು. ನೆರೆಯ ಶಿವಮೊಗ್ಗ ಜಿಲ್ಲೆಯ ಸಾಗರ ಸೀಮೆಯ ದೀವರ ಹೆಣ್ಣುಮಕ್ಕಳು ಹಸೆ ಚಿತ್ತಾರ ಬರೆಯುವಾಗಲೂ ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿಗಳನ್ನು ಬಳಸುತ್ತಾರೆ. ಇವೆಲ್ಲ ಸುತ್ತಲಿನ ಬೆಳಕನ್ನು ತಲೆತಲಾಂತರದಿಂದ ನೋಡಿ ಆರಿಸಿದ ಬಣ್ಣಗಳು.

ಯಾವ ಕೋಣೆಗೆ ಯಾವುದು

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ನಿರ್ಧಾರ ಸುಲಭವಾಗುತ್ತದೆ. ಹಿರಿಯರು ಕುಳಿತುಕೊಳ್ಳುವ ಪಡಸಾಲೆ, ಮರಗಳ ನೆರಳಿನ ಕಡೆಗೆ ಕಿಟಕಿಯಿರುವ ಕೋಣೆಗಳಿಗೆ ತಿಳಿಯಾದ ಬೆಚ್ಚನೆಯ ಬಣ್ಣ ಯೋಗ್ಯ: ಕೆನೆಬಣ್ಣ, ದಂತದ ಬಿಳುಪು, ಬೆಣ್ಣೆಯ ಹಳದಿ. ಮಾವಿನಹಣ್ಣಿನ ಹಳದಿಯನ್ನು ಬಯಸುವ ಸೊಸೆಯ ಅಭಿರುಚಿ ಸರಿಯೇ. ಅದನ್ನು ಬಿಳಿಯಲ್ಲಿ ಬಹಳಷ್ಟು ತಿಳಿಗೊಳಿಸಿದರಾಯಿತು. ಎದುರಿಗೆ ತೆರೆದ ಕಣವಿದ್ದು ಪಡುವಣ ಬಿಸಿಲು ನೇರವಾಗಿ ನುಗ್ಗುವ ಕೋಣೆಗೆ ಮಗ ಬಯಸಿದ ತಿಳಿನೀಲಿ ಒಪ್ಪುತ್ತದೆ. ಗಿರಿಯ ಪೂರ್ವದ ಬಯಲಿನ ಮನೆಗಳಲ್ಲಿ ಹೆಚ್ಚಿನ ಕೋಣೆಗಳಿಗೂ ತಂಪಿನ ಬಣ್ಣವೇ ಹಿತ.

ಮಕ್ಕಳು ಓದುವ ಕೋಣೆಗೆ ಹೊಳಪಿಲ್ಲದ, ಬಿಳಿಗೆ ಸಮೀಪದ ಬಣ್ಣವಿರಲಿ. ಹೊಳೆಯುವ ಗೋಡೆ ದೀಪವನ್ನು ಪ್ರತಿಬಿಂಬಿಸಿ ಕಣ್ಣನ್ನು ದಣಿಸುತ್ತದೆ. ಸೌದೆಯ ಒಲೆಯಿರುವ ಅಡಿಗೆಮನೆಗೆ ವರ್ಷಕ್ಕೊಮ್ಮೆ ಬಳಿಯಬಹುದಾದ ಸುಣ್ಣಕ್ಕಿಂತ ಉತ್ತಮವಾದದ್ದಿಲ್ಲ. ದೇವರಕೋಣೆಯ ಎಣ್ಣೆದೀಪದ ಬೆಳಕಿನಲ್ಲಿ ಹಳದಿ, ಕೆಂಪುಗಳ ಅಂಶವೇ ಅಧಿಕ, ನೀಲಿಯ ಅಂಶ ಅತ್ಯಲ್ಪ. ನೀಲಿಗೋಡೆ ಆ ಬೆಳಕನ್ನು ಹಿಂದಿರುಗಿಸಲಾರದು. ಬಿಳಿಯ ಅಥವಾ ಕೆನೆಬಣ್ಣದ ಗೋಡೆಯಿದ್ದರೆ ಒಂದೇ ದೀಪಕ್ಕೆ ಕೋಣೆಯೆಲ್ಲ ತುಂಬಿಕೊಳ್ಳುತ್ತದೆ. ಕತ್ತಲೆಯ ನಡುಮನೆಗೆ ಯಾವ ಬಣ್ಣವೂ ಪೂರ್ಣ ಪರಿಹಾರವಲ್ಲ. ಅಲ್ಲಿ ಸೂರಿಗೆ ಎರಡು ಗಾಜಿನ ಹೆಂಚು ಹಾಕಿಸಿದರೆ ಬಣ್ಣದ ಖರ್ಚಿಗಿಂತ ಹೆಚ್ಚಿನ ಫಲ ದೊರೆತೀತು.

ದೀಪಗಳ ಬಗ್ಗೆಯೂ ಒಂದು ಮಾತು. ಹಿಂದಿನ ತಂತಿಯ ಬಲ್ಬಿನ ಬೆಳಕು ಸುಮಾರು 2,700 ಕೆಲ್ವಿನ್‌ನ ಹಳದಿ ಬೆಳಕು. ಈಗ ಅಂಗಡಿಗಳಲ್ಲಿ ಹೆಚ್ಚಾಗಿ ದೊರೆಯುವ ಎಲ್‌ಇಡಿ ಬಲ್ಬುಗಳದು 6,500 ಕೆಲ್ವಿನ್‌ನ ನೀಲಿಮಿಶ್ರಿತ ಬಿಳಿ ಬೆಳಕು. ನೀಲಿಗೋಡೆಯ ಕೋಣೆಗೆ ನೀಲಿಮಿಶ್ರಿತ ದೀಪವನ್ನೂ ಹಾಕಿದರೆ ಮಳೆಗಾಲದ ಸಂಜೆ ಆಸ್ಪತ್ರೆಯ ವಾರ್ಡಿನಂತಾಗುತ್ತದೆ. ಗೋಡೆ ಬದಲಿಸುವ ಮೊದಲು ಬಲ್ಬು ಬದಲಿಸಿ ನೋಡುವುದು ಎಷ್ಟೋ ಅಗ್ಗದ ಪ್ರಯೋಗ.

ಬಳಿಯುವ ಮುನ್ನ

ಗೋಡೆಯಲ್ಲಿ ತೇವವಿದ್ದರೆ ಬೆಚ್ಚನೆಯದೂ ತಂಪಿನದೂ ಎರಡೂ ಒಂದೇ ಮಳೆಗಾಲದಲ್ಲಿ ಸುಲಿದುಹೋಗುತ್ತವೆ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ, ನಾಲ್ಕು ಅಂಚುಗಳನ್ನೂ ಟೇಪಿನಿಂದ ಮುಚ್ಚಿ ಒಂದು ಹಗಲು ಒಂದು ರಾತ್ರಿ ಬಿಡಿ. ಹಾಳೆಯ ಒಳಮೈಯಲ್ಲಿ ನೀರಿನ ಹನಿಗಳಿದ್ದರೆ ತೇವ ಗೋಡೆಯೊಳಗಿನದು. ಹೊರಮೈಯಲ್ಲಿದ್ದರೆ ಕೋಣೆಯ ಗಾಳಿಯದು. ಮೊದಲನೆಯದಕ್ಕೆ ಒಡೆದ ಹೆಂಚು, ಕಟ್ಟಿಕೊಂಡ ದೋಣಿ, ಗೋಡೆಯ ಬುಡದಲ್ಲಿ ನಿಂತ ನೀರು ಇವುಗಳನ್ನು ಹುಡುಕಿ ಸರಿಪಡಿಸಬೇಕು. ಎರಡನೆಯದಕ್ಕೆ ಗಾಳಿಯ ಸಂಚಾರ ಬೇಕು. ಹಳೆಯ ಮಣ್ಣಿನ ಅಥವಾ ಗಾರೆಯ ಗೋಡೆಗಳಿಗೆ ಸುಣ್ಣವೇ ಕ್ಷೇಮ. ಅದು ಗೋಡೆಯ ತೇವವನ್ನು ಹೊರಬಿಡುತ್ತದೆ, ತನ್ನ ಕ್ಷಾರಗುಣದಿಂದ ಬೂಷ್ಟನ್ನು ತಡೆಯುತ್ತದೆ.

ಕಿಟಕಿ, ಬಾಗಿಲು, ತೊಟ್ಟಿಲುಗಳ ಹಳೆಯ ಎಣ್ಣೆಬಣ್ಣದ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಬೆಚ್ಚನೆಯ ಬಣ್ಣಗಳಾದ ಹಳದಿ, ಕಿತ್ತಳೆ, ಕೆಂಪುಗಳ ಉಜ್ವಲತೆಗಾಗಿ ಹಿಂದೆ ಸೀಸದ ಸಂಯುಕ್ತಗಳನ್ನು ಬಳಸುವುದಿತ್ತು. ನಮ್ಮ ದೇಶದಲ್ಲಿ 2016ರಲ್ಲಿ ಹೊರಡಿಸಿದ ನಿಯಮಗಳು 2017ರ ನವೆಂಬರ್ 1ರಿಂದ ಜಾರಿಗೆ ಬಂದು, ಮನೆಬಳಕೆಯ ಬಣ್ಣದಲ್ಲಿ ಸೀಸದ ಅಂಶ ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದೆಂದು ವಿಧಿಸಿದವು. ಅದಕ್ಕೂ ಹಿಂದಿನ ಬಣ್ಣ ಮರದ ಮೇಲೆ ಪದರಪದರವಾಗಿ ಉಳಿದಿರಬಹುದು. ಸೀಸದ ಧೂಳು ಎಳೆಯ ಮಕ್ಕಳ ಮಿದುಳಿನ ಬೆಳವಣಿಗೆಗೆ ಮಾರಕ. ಹಳೆಯ ಬಣ್ಣವನ್ನು ಒಣಗಿದಂತೆಯೇ ಉಜ್ಜಿಸದೆ ನೀರು ಸೋಕಿಸಿ ಉಜ್ಜಿಸಿ. ಸುಟ್ಟು ತೆಗೆಯುವುದು ಬೇಡ. ಮಕ್ಕಳನ್ನೂ ಗರ್ಭಿಣಿಯರನ್ನೂ ದೂರವಿಡಿ. ಧೂಳನ್ನು ಗುಡಿಸುವ ಬದಲು ಒದ್ದೆಬಟ್ಟೆಯಿಂದ ಒರೆಸಿ. ಬಣ್ಣ ಬಳಿಯುವವನ ಮೂಗಿಗೂ ಒಂದು ರಕ್ಷಣೆ ಕೊಡುವುದು ಮನೆಯವರ ಕರ್ತವ್ಯ. ಮೊದಲ ಲೇಪ ಒಣಗುವ ಮೊದಲೇ ಎರಡನೆಯದನ್ನು ಬಳಿದು ಮುಗಿಸೆಂದು ಅವನನ್ನು ಅವಸರಪಡಿಸುವುದು ಅವನ ಕಾಯಕಕ್ಕೂ ಗೌರವವಲ್ಲ, ನಿಮ್ಮ ಗೋಡೆಗೂ ಹಿತವಲ್ಲ.

ಕೊನೆಯದಾಗಿ, ನಾವು ಹೇಳಿದ ಮಾತನ್ನು ಆಚರಣೆಗೆ ತರುವ ಬಗೆ ಹೀಗೆ. ಮುಂದಿನ ಆಷಾಢದಲ್ಲಿ, ನೀವು ಬಯಸುವ ಎರಡು ಮೂರು ಬಣ್ಣಗಳ ಚಿಕ್ಕ ಡಬ್ಬಿಗಳನ್ನು ತಂದು, ಒಂದೊಂದನ್ನೂ ಎರಡಡಿ ಅಗಲ ಮೂರಡಿ ಎತ್ತರದ ರಟ್ಟಿಗೆ ಎರಡು ಲೇಪ ಬಳಿಯಿರಿ. ರಟ್ಟನ್ನು ಬಣ್ಣ ಬೇಕಾದ ಗೋಡೆಗೇ ಒರಗಿಸಿ, ಮಳೆ ಹಿಡಿದ ದಿನದ ಬೆಳಿಗ್ಗೆ, ನಡುಹಗಲು, ಸಂಜೆಯ ದೀಪದ ಹೊತ್ತು ಮೂರು ಬಾರಿ ನೋಡಿರಿ. ಹಿರಿಯರನ್ನು ಅವರ ಎಂದಿನ ಜಾಗದಲ್ಲಿಯೇ ಕೂರಿಸಿ ಕೇಳಿರಿ. ಅಡಿಗೆಮನೆಯ ಬಣ್ಣವನ್ನು ಅಲ್ಲಿ ದುಡಿಯುವವರೇ ಹೇಳಲಿ. ಎಲ್ಲರಿಗೂ ಒಪ್ಪಿಗೆಯಾದ ರಟ್ಟಿನ ಹಿಂದೆ ಬಣ್ಣದ ಹೆಸರು, ಸಂಖ್ಯೆ, ಕೋಣೆಯ ಹೆಸರುಗಳನ್ನು ಬರೆದು ಅಟ್ಟದ ಮೇಲೆ ಒಣಗಿದ ಜಾಗದಲ್ಲಿ ತೆಗೆದಿಡಿ. ಗೋಡೆಗಳು ಚೆನ್ನಾಗಿ ಒಣಗಿ, ಹೂಮಳೆ ಇನ್ನೂ ಬೀಳದಿರುವ ಮಾಘದ ದಿನಗಳಲ್ಲಿ ಅದೇ ರಟ್ಟನ್ನು ಕೆಳಗಿಳಿಸಿ ಬಣ್ಣದವನ ಕೈಗೆ ಕೊಡಿ. ಆ ದಿನದ ಬಿಸಿಲಿನಲ್ಲಿ ಅದು ತುಸು ಸಪ್ಪೆಯಾಗಿ ಕಂಡರೂ ಮನಸ್ಸು ಬದಲಿಸಬೇಡಿ; ಮಳೆ ಬಂದಾಗ ಅದು ನಿಮ್ಮ ಮನೆಗೆ ತಕ್ಕುದಾಗಿಯೇ ಕಾಣುತ್ತದೆ.